ಮಹಡಿ ಮೇಲಿನ ಗಂಡಸು

ತಮಿಳುನಾಡಿನ ಹೊಸೂರಿಗೆ ಬಂದ ಮೂರನೇ ತಿಂಗಳಲ್ಲಿ, ನನ್ನ ಕೋಣೆಯಲ್ಲಿ ಒಬ್ಬ ಗಂಡಸು ವಾಸವಾಗಿದ್ದಾನೆ ಎಂಬ ಸುದ್ದಿ ನನ್ನ ಕಿವಿಗೇ ಬಿತ್ತು. ಹೇಳುತ್ತಿದ್ದವಳು ಕೆಳಗಿನ ಮನೆಯೊಡತಿ ಪಾಪಮ್ಮ. ಕೇಳುತ್ತಿದ್ದವನು ಅವಳ ಗಂಡ, ಗುಲಾಬಿ ಲೋಡಿನ ಜೊತೆ ಬೆಂಗಳೂರಿನ ಮಾರುಕಟ್ಟೆಗೆ ಹೊರಟಿದ್ದ. "ಪೈನ ಎವಡೋ ಉನ್ನಾಡು" ಎಂದಳು. ಮೇಲೆ ಯಾವನೋ ಇದ್ದಾನೆ ಎಂದರ್ಥ. ನಾನು ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರೂ ಅವಳು ದನಿ ತಗ್ಗಿಸಲಿಲ್ಲ. ನನಗೆ ತೆಲುಗು ಬಾರದೆಂದು ಅವಳ ನಂಬಿಕೆ.

ಚಳ್ಳಕೆರೆಯವಳಿಗೆ ತೆಲುಗು ಬಾರದಿರುತ್ತದೆಯೇ? ನಮ್ಮೂರ ಸಂತೆಯಲ್ಲಿ ಅರ್ಧ ವ್ಯಾಪಾರ ಅದರಲ್ಲೇ. ಆದರೆ ಬರುತ್ತದೆ ಎಂದು ನಾನು ಬಾಯಿಬಿಟ್ಟಿರಲಿಲ್ಲ. ಕಾರ್ಖಾನೆಯಲ್ಲಿ ನನ್ನ ಕೆಲಸವೇ ಸಂಶಯಪಡುವುದು. ಬೋಲ್ಟುಗಳನ್ನು ಒಂದೊಂದಾಗಿ ಅಳೆದು ನೋಡಿ, ಸರಿಯಿಲ್ಲದ್ದನ್ನು ಬದಿಗೆ ಹಾಕಬೇಕು. ಸಂಜೆ ಕಂಪನಿ ಬಸ್ಸಿನಿಂದ ಇಳಿದ ಮೇಲೂ ಆ ಬುದ್ಧಿ ಹೋಗುತ್ತಿರಲಿಲ್ಲ. ನಮ್ಮೂರಲ್ಲಿ ಅನುಮಾನ ಬಂದರೆ ಮುಖಕ್ಕೇ ಕೇಳುತ್ತಾರೆ: ಎಲ್ಲಿಗೆ, ಯಾಕೆ, ಯಾರ ಜೊತೆ? ಇಲ್ಲಿ ಪಾಪಮ್ಮ ನನ್ನೊಂದಿಗೆ ಕನ್ನಡ, ಗಂಡನೊಂದಿಗೆ ತೆಲುಗು, ಹಾಲಿನವನೊಂದಿಗೆ ತಮಿಳು. ಮೂರರಲ್ಲೂ ನನ್ನ ಸುದ್ದಿಯೇ ಓಡುತ್ತಿದೆ ಎಂದು ನನಗೆ ಗುಮಾನಿ.

ಈ ಕೋಣೆ ಸಿಕ್ಕಿದ್ದೂ ಸುಲಭಕ್ಕಲ್ಲ. ಬಾಡಿಗೆಗೆ ಕೇಳಿದಲ್ಲೆಲ್ಲ ಮೊದಲ ಪ್ರಶ್ನೆ "ತನಿಯಾವಾ?" ಅಂದರೆ ಒಬ್ಬಳೇನಾ? ಹೌದು ಎಂದೊಡನೆ ಮನೆ ಆಗಲೇ ಬೇರೆಯವರಿಗೆ ಹೋಗಿಬಿಟ್ಟಿರುತ್ತಿತ್ತು. ಪಾಪಮ್ಮನೂ ಬಿಡಿಸಿದರೆ ಊರಿಗೆ ವಾಪಸಾಗುವುದೇ ಗತಿ. "ಹೆಣ್ಣುಮಗಳು ಪರ ಊರಲ್ಲಿ ಒಬ್ಬಳೇ ಇರೋಕಾಗಲ್ಲ ಅಂತ ನಾನು ಹೇಳಿರಲಿಲ್ವಾ?" ಎನ್ನಲು ಅಣ್ಣ ಅಲ್ಲಿ ಕಾದೇ ಇದ್ದ.

ಇಷ್ಟಕ್ಕೂ ಆ ಗಂಡಸು ಒಂದು ಸೀಡಿಯೊಳಗಿನ ಪರದೇಶಿ ಹಾಡುಗಾರ. ಜೊತೆ ಕೆಲಸದ ಗೆಳತಿ ಕಾಪಿ ಮಾಡಿಕೊಟ್ಟ ಆಲ್ಬಮ್. ತಾನೇ ಬರೆದು, ತಾನೇ ಗಿಟಾರ್ ನುಡಿಸಿ, ತನ್ನ ಕೋಣೆಯಲ್ಲೇ ರೆಕಾರ್ಡ್ ಮಾಡಿಕೊಂಡ ಹಾಡುಗಳಂತೆ. ದೊಡ್ಡ ಕಂಪನಿಗಳ ಹಂಗಿಲ್ಲದ ಇಂಥ ಸಂಗೀತಕ್ಕೆ 'ಇಂಡಿ' ಎನ್ನುತ್ತಾರೆಂದು ಅವಳೇ ಹೇಳಿದಳು. ನಮ್ಮಲ್ಲಿ ಹಾಡೆಂದರೆ ಸಿನಿಮಾದ್ದು, ಇಲ್ಲವೇ ದೇವರದ್ದು. ಇವನದು ಎರಡೂ ಅಲ್ಲ. ಮೊದಮೊದಲು ನನಗೂ ಅನುಮಾನವೇ. ಇಷ್ಟು ಮೆಲ್ಲಗೆ ಹಾಡುವವನು ಏನನ್ನೋ ಮುಚ್ಚಿಡುತ್ತಿರಬೇಕು ಎನಿಸಿತ್ತು. ಇಂಗ್ಲಿಷ್ ಅರ್ಧ ತಿಳಿಯುತ್ತಿರಲಿಲ್ಲ. ಮತ್ತೆ ಮತ್ತೆ ಕೇಳಿದಾಗ ಒಂದು ಹಾಡು ಬಿಚ್ಚಿಕೊಂಡಿತು. ಹೊಸ ಊರಿನಲ್ಲಿ ಒಬ್ಬನೇ ತಟ್ಟೆ ತೊಳೆಯುತ್ತಾ, ಇವತ್ತು ಯಾರೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ ಎಂದುಕೊಳ್ಳುತ್ತಾನೆ. ಅಂದು ನನ್ನನ್ನೂ ಯಾರೂ ಕರೆದಿರಲಿಲ್ಲ. ಅತ್ತುಬಿಟ್ಟೆ. ಆಮೇಲೆ ದಿನಾ ಸಂಜೆ ಅವನ ಜೊತೆಗೇ ಅಡುಗೆ, ಊಟ.

ಭಾನುವಾರ ಪಾಪಮ್ಮ ಮೇಲೆ ಬಂದು ಬಾಗಿಲಲ್ಲೇ ನಿಂತಳು.

"ತಿಂಗ್ಳು ಮುಗುದ್ಮ್ಯಾಕೆ ರೂಮು ಖಾಲಿ ಮಾಡ್ಬುಡಮ್ಮ."

"ಯಾಕಕ್ಕಾ?"

"ನಂಗೂ ಮಗ್ಳವ್ಳೆ ಕಣಮ್ಮ. ದಿನಾ ಸಂಜೆ ಇಲ್ಲಿ ಗಂಡಸಿನ ದನಿ. ಗೊಣಗ್ತಾನೆ, ಕೆಮ್ತಾನೆ, ಕುರ್ಚಿ ಕಿರ್ ಅಂತೈತೆ. ನಿನ್ನತ್ರ ಕುರ್ಚಿ ಎಲ್ಲೈತೆ?"

ಕುರ್ಚಿ ಇರಲಿಲ್ಲ, ನಿಜ. ಇದ್ದದ್ದು ಒಂದು ಚಾಪೆ. ಸಿಟ್ಟು ನೆತ್ತಿಗೇರಿ ಬಾಯಿಂದ ತೆಲುಗೇ ಹೊರಬಿತ್ತು: "ಎವಡೂ ಲೇಡಕ್ಕಾ!" ಯಾವನೂ ಇಲ್ಲ ಎಂದೆ.

ಪಾಪಮ್ಮನ ಮುಖ ಬಿಳಿಚಿಕೊಂಡಿತು. "ತೆಲುಗು ಬತ್ತದಾ ನಿಂಗೆ? ಇಷ್ಟ್ ದಿನ ಎಲ್ಲಾ ಕೇಳಿಸ್ಕೊಂಡು ಸುಮ್ಕಿದ್ದಾ? ಭಾಷೆನೇ ಬಚ್ಚಿಟ್ಟೋಳು ಗಂಡಸ್ನ ಬಚ್ಚಿಡಲ್ವಾ?"

ನಾನು ಸೀಡಿ ಹಾಕಿದೆ. ಹಾಡುಗಾರ ಕೆಮ್ಮಿದ. ಅವನ ಕುರ್ಚಿ ಕಿರುಗುಟ್ಟಿತು. ಕೋಣೆಯ ಸದ್ದನ್ನೆಲ್ಲ ಅವನು ಹಾಗೇ ಉಳಿಸಿಕೊಂಡಿದ್ದ. ಪಾಪಮ್ಮ ಸ್ಪೀಕರಿನ ಹಿಂದೆ ಇಣುಕಿದಳು, ಬಚ್ಚಲ ಬಾಗಿಲು ತೆಗೆದು ನೋಡಿದಳು. ಆಮೇಲೆ ಚಾಪೆಯ ಅಂಚಿನಲ್ಲಿ ಕೂತಳು.

"ಯಾವ್ ಸಿನ್ಮಾದ್ದು?"

"ಸಿನಿಮಾದ್ದಲ್ಲಕ್ಕ."

"ಜೊತ್ಯಾಗೆ ಹಾಡಾಕೆ ಒಂದ್ ಹೆಣ್ಣೂ ಇಲ್ವಾ?"

"ಇಲ್ಲ. ಒಬ್ಬನೇ."

"ಪಾಪ" ಎಂದು ಹಾಡು ಮುಗಿಯುವವರೆಗೂ ಕೇಳಿದಳು. ಏಳುವಾಗ ಮಾತ್ರ ಬೈದಳು. "ಆ ಕೆಮ್ಮು ಅಳ್ಸಬಾರ್ದಾಗಿತ್ತಾ ಬಡ್ಡಿಮಗ? ಕಂಡೋರ್ ಮನೆ ಹೆಣ್ಮಕ್ಳ ಮಾನ ಹೋಗ್ತದೆ."

ಕೋಣೆ ಉಳಿಯಿತು.

ದಸರೆಗೆ ಊರಿಗೆ ಹೊರಟಾಗ ಪಾಪಮ್ಮ ಮತ್ತೆ ಬಂದಳು. "ನೀನ್ ಹೋಗಮ್ಮ, ಅವ್ನ ಇಲ್ಲೇ ಬುಟ್ಟೋಗು. ನಮ್ಮೋರು ಲೋಡಿಗೋದ್ರೆ ನಾನು, ಮಗ್ಳು ಇಬ್ರೇ. ಮ್ಯಾಲೆ ಗಂಡಸ್ ದನಿ ಕೇಳುದ್ರೆ ಕಳ್ರು ಹತ್ರ ಸುಳಿಯಾಕಿಲ್ಲ." ಯಾವ ಬಟನ್ ಒತ್ತಬೇಕೆಂದು ತೋರಿಸಿ ಬೀಗದ ಕೈ ಕೊಟ್ಟೆ. ಟ್ರಂಕಿಗೆ ಬೇರೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ ಬಸ್ಸು ಹತ್ತಿದೆ.

ಚಳ್ಳಕೆರೆಯಲ್ಲಿ ಅದೇ ಬಿಸಿಲು, ಅದೇ ಶೇಂಗಾ ಚಟ್ನಿ. ಹೊಸೂರಿನ ತಣ್ಣನೆಯ ಸಂಜೆಗೆ ಒಗ್ಗಿದ ಮೈ ಇಲ್ಲಿ ಬೆವರಿತು. ಬೀದಿಯ ತುಂಬ ಹೆಸರು ಹಿಡಿದು ಕರೆಯುವವರೇ. ಅದಕ್ಕಾಗಿ ಎಷ್ಟು ಹಂಬಲಿಸಿದ್ದೆ! ಆದರೂ ಕತ್ತಲಾಗುತ್ತಿದ್ದಂತೆ ಸಮಾಧಾನವಿಲ್ಲ. ಪಾಪಮ್ಮ ಸೀಡಿ ಗೀಚಿಹಾಕಿದರೆ? ಕೋಣೆಯನ್ನು ಬೇರೆ ಯಾರಿಗಾದರೂ ಕೊಟ್ಟುಬಿಟ್ಟಿದ್ದರೆ? ಪಡಸಾಲೆಯಲ್ಲಿದ್ದ ಫೋನಿನಿಂದ ಪಾಪಮ್ಮನಿಗೆ ಮಾಡಿದೆ.

"ಹಾಕಿದೀಯಾ ಅಕ್ಕಾ?"

"ಹಾಕಿವ್ನಿ ಕಣಮ್ಮ. ಈಗ್ತಾನೆ ಕೆಮ್ಮುದ."

ನಗು ತಡೆಯಲಾಗಲಿಲ್ಲ. ಫೋನು ಇಡುತ್ತಿದ್ದಂತೆ ಅಡುಗೆಮನೆಯಿಂದ ಅಮ್ಮ ಕೇಳಿದಳು, "ಯಾರಿಗೇ ಅದು?"

"ಮನೆಗಮ್ಮಾ" ಎಂದೆ.

ರೊಟ್ಟಿ ತಟ್ಟುವ ಸದ್ದು ನಿಂತಿತು. ಅಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹೊಸ ಬಾಡಿಗೆಯವರನ್ನು ನೋಡುವ ಹಾಗೆ.

"ಹಬ್ಬ ಮುಗಿಯೋತನಕ ಇರ್ತೀಯೋ, ನಾಳೇನೇ ಹೊರಡ್ತೀಯೋ?"

"ಇರ್ತೀನಮ್ಮಾ" ಎಂದೆ. ಅವಳೂ ನಂಬಲಿಲ್ಲ, ನಾನೂ ನಂಬಲಿಲ್ಲ.