ಅವ್ವನ ಕೆಂಪುಗಣ್ಣು

ಎಪ್ಪತ್ತರ ದಶಕದ ಕೊನೆಯಲ್ಲಿ ಇಂಡಿ ಊರಿನ ನಮ್ಮ ಮನೆಯೊಳಗೂ ಕ್ಯಾನ್ಸರ್ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಅವ್ವನ ಎದೆಯ ಗಂಟನ್ನು ಸೊಲ್ಲಾಪುರದಲ್ಲಿ ಕೊಯ್ದು ತೆಗೆದಿದ್ದರು. ಆಮೇಲೆ ಅಲ್ಲೇ ಸೂಜಿಯ ಔಷಧ ಶುರುವಾಯಿತು. ಉದುರಿದ ಕೂದಲನ್ನು ಸೆರಗು ಮುಚ್ಚಿತು. ಕಣ್ಣನ್ನು ಏನು ಮುಚ್ಚೀತು? ಪ್ರತಿ ಸೂಜಿಯ ನಂತರ ಎರಡೂ ಕಣ್ಣು ಕೆಂಪೇರಿ ಉರಿಯುತ್ತಿದ್ದವು, ನೀರು ಸುರಿಯುತ್ತಿತ್ತು. ಬೆಳಿಗ್ಗೆ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಒದ್ದೆ ಅರಿವೆಯಿಂದ ನಾನೇ ಮೆಲ್ಲಗೆ ಬಿಡಿಸುತ್ತಿದ್ದೆ.

ಅದೇ ಹೊತ್ತಿಗೆ ಅಕ್ಕ ಮುದ್ದೇಬಿಹಾಳದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಗಂಡು ಕೂಸು ಹುಟ್ಟಿತು. ಬಾಣಂತಿ ಕೋಣೆಯ ದರಬಾರು ಅಪ್ಪನ ಅಕ್ಕನದು, ಅಂದರೆ ನಮ್ಮ ಅತ್ತೆಯದು.

"ನಿನಗ ಕಣ್ಣ ಬಂದಾವ. ಕೂಸನ್ನ ನೋಡಿದ್ರ ಸಾಕು, ಅದಕ್ಕೂ ಬರ್ತಾವ. ಹೊಸ್ತಿಲ ದಾಟಬ್ಯಾಡ," ಎಂದು ಅವ್ವನನ್ನು ಹೊರಗೇ ನಿಲ್ಲಿಸಿದಳು.

ಇದು ಔಷಧದಿಂದ ಆದದ್ದು, ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಾನು ಅದನ್ನೇ ಅತ್ತೆಗೆ ಹೇಳಿದೆ.

"ನಾಕ ಬುಕ್ ಓದಿ ನನಗ ಕಲಿಸಾಕ ಬಂದ್ಯಾ?" ಅಂದಳು. ಆ ಮುದುಕಿ ಸತ್ತು ಎಷ್ಟೋ ವರ್ಷವಾಯಿತು, ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಅವ್ವ ಜಗಳ ತೆಗೆಯಲಿಲ್ಲ. ಪಡಸಾಲೆಯಲ್ಲಿ ಕುಳಿತು ಕೂಸಿನ ಅಳು ಕೇಳುತ್ತಿದ್ದಳು. ಕಣ್ಣು ತುಸು ತಿಳಿಯಾಗುತ್ತಿದೆ ಅನ್ನುವಷ್ಟರಲ್ಲಿ ಮುಂದಿನ ಸೂಜಿಯ ದಿನ ಬಂದೇಬಿಟ್ಟಿತು. ಬಸ್ಸಿಗೆ ಹೋಗಲು ನಾನು ಚೀಲ ಹಿಡಿದು ನಿಂತರೆ ಅವಳು ಕೂತಲ್ಲಿಂದ ಏಳಲಿಲ್ಲ.

"ನಾ ಒಲ್ಲೆ. ಸೂಜಿ ಬಿಟ್ರ ಕಣ್ಣ ತಿಳಿ ಆಗ್ತಾವ. ಮೊಮ್ಮಗನ ಮಾರಿ ನೋಡ್ತೇನಿ."

"ಬಿಟ್ರ ಗಂಟ ಮತ್ತ ಬರ್ತೈತಿ ಅಂತ ಡಾಕ್ಟರ್ ಹೇಳ್ಯಾರಲ್ಲಬೇ!"

"ಬಂದ್ರ ಬರ್ಲಿ. ನೋಡಿ ಸಾಯ್ತೇನಿ."

ಬೇಡಿಕೊಂಡೆ, ಬೈದೆ, ಕಣ್ಣೀರು ಹಾಕಿದೆ. ಅವಳು ಜಗ್ಗಲಿಲ್ಲ. ಅಪ್ಪ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ, ಅದಕ್ಕೂ ನನಗೆ ಮೈ ಉರಿಯಿತು.

ಆಗ ಕೋಣೆಯ ಬಾಗಿಲು ತೆರೆಯಿತು. ಗಾಳಿಗೆ ಬರಬಾರದ ಹಸಿ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡ ಅಕ್ಕ, ಕೂಸನ್ನೆತ್ತಿಕೊಂಡು ನೇರ ಪಡಸಾಲೆಗೆ ಬಂದಳು. ಹಿಂದೆ ಅತ್ತೆ ಬೊಬ್ಬೆ ಹಾಕುತ್ತಿದ್ದಳು. ಅಕ್ಕ ಅದಕ್ಕೆ ಕಿವಿಗೊಡದೆ ಕೂಸನ್ನು ಅವ್ವನ ಉಡಿಯಲ್ಲಿ ಮಲಗಿಸಿದಳು.

"ನೋಡಬೇ, ಕಣ್ತುಂಬ ನೋಡು. ನೋಡಿ ಸೊಲ್ಲಾಪುರಕ್ಕ ನಡಿ."

ಅವ್ವ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

ಡಾಕ್ಟರ ಮಾತನ್ನು ಅವಳೂ ನಂಬಿರಲಿಲ್ಲ ಎಂದು ನನಗೆ ತಿಳಿದದ್ದು ಆಗಲೇ. ಅಕ್ಕ ಎಷ್ಟು ಬೇಡಿದರೂ ಕಣ್ಣು ಬಿಡಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ಕೂಸಿನ ಹಣೆ, ಕಿವಿ, ಮೂಗನ್ನು ಬೆರಳಿನಿಂದ ಸವರಿದಳು.

"ಮೂಗು ನಿಮ್ಮಪ್ಪಂದು," ಎಂದಳು. "ಒಳಗ ಒಯ್ಯಿ ಇನ್ನ."

ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲೆ ಕಣ್ಣು ತೆರೆದು ನನ್ನ ಕಡೆ ತಿರುಗಿದಳು.

"ಚೀಲ ತಗೋ. ಬಸ್ಸ ಹೋದೀತು."