ಕಿಟಕಿಯೊಳಗೆ ತೂರಿಸಿದ ಚೀಲ

ಮುಂಬಯಿಗೆ ಬಂದ ಮೊದಲ ವಾರದಲ್ಲೇ ಆ ಊರು ನನ್ನನ್ನು ಠಾಣೆ ಎಂಬ ರೈಲು ಸ್ಟೇಷನ್ನಿನಲ್ಲಿ ಆಚೆಗೆ ಉಗುಳಿತು. ನಾನಾಗಿ ಇಳಿದದ್ದಲ್ಲ. ಲೋಕಲ್ ರೈಲಿನ ಬಾಗಿಲ ಹತ್ತಿರ ನಿಂತಿದ್ದೆ. ಇಳಿಯುವವರೆಲ್ಲ ಸೇರಿ ನನ್ನನ್ನೂ ಎತ್ತಿಕೊಂಡು ಬಂದು ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿಬಿಟ್ಟರು. ನಮ್ಮ ಮನೆಯವರು ಒಳಗೇ ಉಳಿದರು. ನನ್ನ ಒಂದು ಕಾಲಿನ ಚಪ್ಪಲಿಯೂ ಅವರ ಜೊತೆಗೇ ಹೋಯಿತು. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು "ನಿಧಾನ ಇಳೀರಿ ಅಕ್ಕ" ಎಂದು ಕೈಚೀಲ ಹಿಡಿದುಕೊಳ್ಳುತ್ತಿದ್ದ. ಅಂಥ ಊರಿಂದ ಬಂದವಳು ನಾನು, ಒಂದೇ ಚಪ್ಪಲಿಯಲ್ಲಿ ಕಂಬಕ್ಕೆ ಅಂಟಿಕೊಂಡು ನಿಂತು ಗಂಡನ ದಾರಿ ಕಾದೆ.

ಅವರು ಮುಂದಿನ ಸ್ಟೇಷನ್ನಿನಿಂದ ವಾಪಸು ಬಂದವರೇ ಹೇಳಿದ್ದು ಒಂದೇ ಮಾತು: "ಗಿರಿಜಾ, ಇನ್ಮೇಲೆ ಒಬ್ಬಳೇ ಎಲ್ಲೂ ಹೋಗಬ್ಯಾಡ."

ಆ "ಇನ್ಮೇಲೆ" ಒಂದು ವರ್ಷವಾದರೂ ಮುಗಿಯಲಿಲ್ಲ. ಡೊಂಬಿವಲಿಯ ನಮ್ಮ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಬಾಗಿಲು ತೆರೆದರೆ ಎದುರು ಮನೆಯ ಬಾಗಿಲು. ಊರಲ್ಲಿ ಬಾಗಿಲು ಹಾಕಿದರೆ "ಯಾಕೆ, ಆರಾಮಿಲ್ವ?" ಎಂದು ಕೇಳುತ್ತಾರೆ, ಇಲ್ಲಿ ಬಾಗಿಲು ತೆರೆದಿಟ್ಟರೆ ಹಾಗೆ ಕೇಳುತ್ತಾರೆ. ಎದುರು ಮನೆಯಾಕೆಯಿಂದ ನಾನು ಕಲಿತ ಮೊದಲ ಮರಾಠಿ, "ಉತರಣಾರ್ ಕಾ?" ಅಂದರೆ ಇಳೀತೀರಾ ಅಂತ. ರೈಲಿನಲ್ಲಿ ಮುಂದೆ ನಿಂತವರನ್ನು ಇದನ್ನು ಕೇಳದೆ ಇಳಿಯುವಂತಿಲ್ಲವಂತೆ. ರೈಲೇ ಹತ್ತದವಳು ಒಲೆಯ ಮುಂದೆ ರೊಟ್ಟಿ ತಟ್ಟುತ್ತ ದಿನಾ ಅದನ್ನು ಬಾಯಿಪಾಠ ಮಾಡಿದೆ. ದಾದರಿನಲ್ಲಿ ಒಂದು ಹೊಲಿಗೆ ತರಗತಿಯಿತ್ತು. ಅಲ್ಲಿಗೆ ಸೇರಲೇಬೇಕೆಂದು ನನಗೆ ಹಟ. "ದಾದರಿಗೆ ಒಬ್ಬಳೇ ಹೋಗ್ತೀಯ? ಠಾಣೆ ಮರ್ತುಹೋಯ್ತ?" ಎಂದು ಅವರು ನಗುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ ಉಡುತಡಿಯಿಂದ ನಮ್ಮತ್ತೆ ಬಂದರು. ಮುಂಬಯಿ ಕಡೆ ಹೊರಟಿದ್ದ ಸಂಬಂಧಿಕರ ಜೊತೆ ಬಂದವರು, ಶನಿವಾರ ಅವರ ಜೊತೆಗೇ ವಾಪಸು. ಸಮುದ್ರ ನೋಡಬೇಕೆನ್ನುವುದೊಂದೇ ಆಸೆ. ಮಗನಿಗೆ ಕಾರ್ಖಾನೆಯಲ್ಲಿ ರಜೆ ಇಲ್ಲ.

"ನಾನು ಕರ್ಕೊಂಡು ಹೋಗ್ತೀನ್ರೀ," ಎಂದೆ. "ಅತ್ತೆನ ಸುಖವಾಗಿ ವಾಪಸು ತಂದರೆ ದಾದರಿನ ತರಗತಿಗೆ ಬ್ಯಾಡ ಅನ್ನಂಗಿಲ್ಲ."

ಅವರು ತಾಯಿಯ ಮುಖ ನೋಡಿದರು. ಅತ್ತೆ, "ಹೋಗಿ ಬರ್ತೀವಿ ಬಿಡೋ ಶಿವು, ನಮ್ಮನ್ನ ಯಾರು ಹೊತ್ಕೊಂಡು ಹೋಗ್ತಾರೆ?" ಎಂದರು. ಮನೆಯವರು ಒಪ್ಪಿದರು. "ಏನಾದ್ರೂ ಎಡವಟ್ಟಾದ್ರೆ ಮಾತ್ರ ತರಗತಿ ಮಾತು ಎತ್ತಬಾರ್ದು," ಎಂದೂ ಸೇರಿಸಿದರು.

ಆಮೇಲೆ ಉಪದೇಶ ಶುರುವಾಯಿತು. ಮೈಮೇಲೆ ಬಂಗಾರ ಬೇಡ. ಗುರುತಿಲ್ಲದವರು ಕೊಟ್ಟದ್ದು ತಿನ್ನಬೇಡಿ. ಯಾರಿಗೂ ಊರು ಹೆಸರು ಹೇಳಬೇಡಿ. ಅತ್ತೆ ಗಲ್ಲದ ಮೇಲೆ ಕೈಯಿಟ್ಟು ಕೇಳಿದರು. "ಬಳ್ಳಿಗಾವಿಗೆ ಗುಡಿ ನೋಡಾಕ ಬಂದೋರಿಗೆ ನಾವು ನೀರು ಬೆಲ್ಲ ಕೊಡ್ತೀವಿ, ಯಾವೂರು, ಯಾರ ಪೈಕಿ ಅಂತ ಕೇಳ್ತೀವಿ. ಇಲ್ಲಿ ಹಂಗ ಕೇಳಿದೋನು ಕಳ್ಳ ಅಂತೀಯಲ್ಲೋ!" ಆದರೂ ಕೊರಳಿನ ಗುಂಡಿನ ಸರ ಬಿಚ್ಚಿದರು. ಬಿಚ್ಚಿದ್ದನ್ನು ಮನೆಯಲ್ಲಿಡಲು ಮನಸ್ಸು ಬರಲಿಲ್ಲ. ಬಟ್ಟೆಯಲ್ಲಿ ಸುತ್ತಿ, ಬುತ್ತಿಗೆಂದು ತುಂಬಿದ್ದ ಶೇಂಗಾ ಚಟ್ನಿಪುಡಿಯ ಸ್ಟೀಲು ಡಬ್ಬಿಯ ತಳಕ್ಕೆ ಹೂತು, ಮುಚ್ಚಳಕ್ಕೆ ದಾರ ಬಿಗಿದು ಚೀಲಕ್ಕೆ ಹಾಕಿಕೊಂಡರು. ಅದು ನನಗೆ ಮಾತ್ರ ಗೊತ್ತು.

ರೈಲಿನ ಪ್ರಯಾಣ ಚೆನ್ನಾಗಿಯೇ ನಡೆಯಿತು. ಹೆಂಗಸರ ಬೋಗಿಯಲ್ಲಿ ಅತ್ತೆಗೆ ಸೀಟೂ ಸಿಕ್ಕಿತು. ವಿ.ಟಿ. ಸ್ಟೇಷನ್ನಿನ ಕಮಾನುಗಳನ್ನು ಅವರು ಕತ್ತೆತ್ತಿ ನೋಡಿದಷ್ಟು ಹೊತ್ತು ನಾನು ಅವರ ಸೆರಗು ಬಿಡಲಿಲ್ಲ. ಹೊರಗೆ ಬಂದೆವು. ಸಮುದ್ರದ ಕಡೆಗೆ ಹೋಗುವ ಕೆಂಪು ಬಸ್ಸು ನಿಂತಿತ್ತು. ಒಳಗೆ ಸುಮಾರು ಜನ ಕೂತಿದ್ದರು, ಬಾಗಿಲಿಗೆ ಸಾಲು. ನಾನು ಸಾಲಿನ ಕೊನೆ ಹುಡುಕುತ್ತಿದ್ದಾಗ ಅತ್ತೆ ಸೆರಗು ಬಿಡಿಸಿಕೊಂಡದ್ದು ಗೊತ್ತೇ ಆಗಲಿಲ್ಲ.

ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಂದ ಕೂಡಲೇ ಟವೆಲೋ ಚೀಲವೋ ಕಿಟಕಿಯೊಳಗೆ ಬೀಳುತ್ತದೆ. ಅದು ಬಿದ್ದ ಜಾಗ ಒಗೆದವರದು. ಅದರ ಮೇಲೆ ಸಾಹುಕಾರನೂ ಕೂರುವುದಿಲ್ಲ. ಅತ್ತೆ ಆಜನ್ಮ ಮಾಡಿಕೊಂಡು ಬಂದದ್ದನ್ನೇ ಮಾಡಿದರು. ಖಾಲಿ ಸೀಟೊಂದನ್ನು ನೋಡಿ ಕಿಟಕಿಯೊಳಗೆ ಚೀಲ ತೂರಿಸಿ, ತೃಪ್ತಿಯಿಂದ ಕೈ ಒರೆಸಿಕೊಂಡರು.

ಚೀಲ ಠಣ್ ಎಂದು ಬಿತ್ತು. ಒಳಗೊಬ್ಬಳು "ಬೇವಾರಸ್ ಬ್ಯಾಗ್!" ಎಂದು ಕಿರುಚಿದಳು. ಬೇವಾರಸ್ ಎಂದರೆ ಅಲ್ಲಿ ವಾರಸುದಾರರಿಲ್ಲದ್ದು. ರೈಲುಗಳಲ್ಲಿ, ಬಸ್ಸುಗಳಲ್ಲಿ ಬಾಂಬು ಸಿಡಿದು ಜನ ಸತ್ತ ಭಯ ಇನ್ನೂ ಆರಿರದ ಕಾಲ. ಯಾರದೆಂದು ಗೊತ್ತಿಲ್ಲದ ಚೀಲ ಕಂಡರೆ ದೂರ ಓಡಿ ಎಂದು ಎಲ್ಲ ಕಡೆ ಬರೆದಿದ್ದರು. ಓಡಿದರು. ಹೆಂಗಸರು, ಗಂಡಸರು, ಡ್ರೈವರು, ಒಬ್ಬರ ಮೇಲೊಬ್ಬರು ಬಿದ್ದು ಇಳಿದರು. ಸಾಲು ಚೆಲ್ಲಾಪಿಲ್ಲಿಯಾಯಿತು. ನಾನು ತಿರುಗಿ ನೋಡುವಷ್ಟರಲ್ಲಿ ನಮ್ಮತ್ತೆ ಆ ಖಾಲಿ ಬಸ್ಸು ಹತ್ತಿ, ಚೀಲ ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಿಂದ ನನ್ನನ್ನು ಕರೆಯುತ್ತಿದ್ದರು. "ಬಾರೇ ಗಿರಿಜಾ, ಎಲ್ಲಾರೂ ಇಳ್ಕೊಂಡ್ರು, ಬೇಕಾದಷ್ಟು ಜಾಗ ಐತಿ!"

ಅಯ್ಯೋ ಶಿವನೇ! ಹೊಲಿಗೆ ತರಗತಿ ಕೈತಪ್ಪಿತು ಎನಿಸಿತು. ಅತ್ತೆಯನ್ನು ಪೊಲೀಸರು ಹಿಡಿದುಕೊಂಡು ಹೋದರೆ ಗಂಡನಿಗೆ ಏನು ಮುಖ ತೋರಿಸಲಿ? ಜನ ಹಿಂದಕ್ಕೆ ತಳ್ಳುತ್ತಿದ್ದರು. ಠಾಣೆಯಲ್ಲಿ ತಳ್ಳಿಸಿಕೊಂಡದ್ದು ಸಾಕು ಎಂದುಕೊಂಡು ಮೊಣಕೈ ಮುಂದೆ ಮಾಡಿ ನುಗ್ಗಿ ಬಸ್ಸು ಹತ್ತಿದೆ. ನನ್ನ ಹಿಂದೆಯೇ ಒಬ್ಬ ಪೊಲೀಸನೂ ಹತ್ತಿದ. ನಡುವಯಸ್ಸಿನವನು, ದಪ್ಪ ಮೀಸೆ.

"ಕಿಸ್ಕಾ ಬ್ಯಾಗ್ ಹೈ?" ಚೀಲ ಯಾರದು ಎಂದು ಕೇಳಿದ.

"ಹಮಾರಾ," ಎಂದೆ. ಹಿಂದೆ ಮುಂದೆ ನೋಡಲಿಲ್ಲ.

ಚೀಲ ಬಿಚ್ಚಿಸಿದ. ರೊಟ್ಟಿ ಗಂಟು, ವಿಭೂತಿ, ದಾರ ಬಿಗಿದ ಡಬ್ಬಿ. ಡಬ್ಬಿ ಕಂಡದ್ದೇ ಅವನ ಮುಖ ಬಿಗಿಯಿತು. ದಾರ ಬಿಚ್ಚಿದರೆ ಚಟ್ನಿಪುಡಿ. ಕೆಳಗೆ ಸುರಿ ಎಂದ. ಅತ್ತೆ ಡಬ್ಬಿಯನ್ನು ಎದೆಗೆ ಅವಚಿಕೊಂಡರು. "ಸುರಿಯಂಗಿಲ್ಲ ಅಂತ ಹೇಳು ಅವನಿಗೆ. ಅನ್ನ ಅದು." ಕಿಟಕಿಗಳ ಹೊರಗೆ ಊರಿಗೆ ಊರೇ ಇಣುಕುತ್ತಿತ್ತು. ಮನೆಯವರು ಹೇಳಿದ ಉಪದೇಶವೆಲ್ಲ ನೆನಪಿತ್ತು. ಆದರೆ ಬಾಯಿ ಮುಚ್ಚಿಕೊಂಡರೆ ಕೆಲಸ ಕೆಡುತ್ತಿತ್ತು. ಗುರುತಿಲ್ಲದ ಆ ಮನುಷ್ಯನ ಹತ್ತಿರ ಹೋಗಿ, ಮೆಲ್ಲಗೆ, ನಮ್ಮ ಊರು, ನಮ್ಮ ಹೆಸರು, ಡಬ್ಬಿಯ ತಳದ ಬಂಗಾರ, ನಮ್ಮೂರಲ್ಲಿ ಚೀಲ ಒಗೆದು ಸೀಟು ಹಿಡಿಯುವ ಪದ್ಧತಿ, ಎಲ್ಲ ಹೇಳಿಬಿಟ್ಟೆ.

ಅವನು ಕಿಟಕಿಗೆ ಬೆನ್ನು ಕೊಟ್ಟು ಅಡ್ಡ ನಿಂತ. ಅತ್ತೆ ಎರಡು ಬೆರಳಲ್ಲಿ ಪುಡಿ ಸರಿಸಿ ಸರದ ಗಂಟು ತೋರಿಸಿದರು. ಅವನು ಮುಚ್ಚು ಎಂದು ಸನ್ನೆ ಮಾಡಿದ. ಆಮೇಲೆ ಮೀಸೆಯೊಳಗೇ ನಕ್ಕ. ತನ್ನದು ಸಾತಾರಾ ಕಡೆಯ ಹಳ್ಳಿ, ತನ್ನ ತಾಯಿಯೂ ಹೀಗೇ ರುಮಾಲು ಒಗೆಯುತ್ತಾಳೆ ಎಂದ. ಮರುಕ್ಷಣವೇ ಗದರಿದ: "ಯೇ ಗಾಂವ್ ನಹೀ ಹೈ. ಆದ್ಮೀ ಕಿಧರ್ ಹೈ ತುಮ್ಹಾರಾ?" ಇದು ಹಳ್ಳಿಯಲ್ಲ, ಗಂಡ ಎಲ್ಲಿ, ಅವನನ್ನು ಕರೆಸು ಎಂದು.

"ಮೈ ಲಾಯಾ. ಮೈ ಲೇಕೆ ಜಾಯೇಗಾ," ಎಂದೆ. ನಾನೇ ಕರೆತಂದೆ, ನಾನೇ ಕರೆದೊಯ್ಯುವೆ. ನನ್ನ ಹಿಂದಿಯಲ್ಲಿ ಗಂಡು ಹೆಣ್ಣಿನ ಭೇದವಿರಲಿಲ್ಲ. ಧ್ವನಿಯಲ್ಲಿ ನಡುಕವೂ ಇರಲಿಲ್ಲ. ಅವನು ನನ್ನನ್ನು ಒಂದು ಗಳಿಗೆ ನೋಡಿ ಕೆಳಗಿಳಿದು ಜನರನ್ನು ಹತ್ತಿಸಿದ. ಹತ್ತಿದವರು ಬೈದರು. ಬೈಸಿಕೊಂಡೆ.

ಸಮುದ್ರದ ಎದುರಿನ ಕಟ್ಟೆಯ ಮೇಲೆ ಅತ್ತೆ ಕೂತು ಕಣ್ಣಿಗೆ ಕೈ ಅಡ್ಡ ಹಿಡಿದು ದೂರಕ್ಕೆ ನೋಡಿದರು. "ನಮ್ಮ ಅಂಬ್ಲಿಗೊಳದ ಡ್ಯಾಮಿಗೆ ಆಚೆ ದಡ ಕಾಣ್ತೈತಿ. ಇದಕ್ಕ ಇಲ್ಲೇ ಇಲ್ಲ," ಎಂದರು. ನಂತರ ನನ್ನ ಕೈ ಹಿಡಿದುಕೊಂಡು, "ನೀ ಗಟ್ಟಿ ಅದೀ ಬಿಡು," ಎಂದರು. ನನಗೆ ಅಳು ಬಂತು. ಕಣ್ಣೀರಿನ ತಪ್ಪನ್ನು ಚಟ್ನಿಪುಡಿಯ ಖಾರದ ಮೇಲೆ ಹಾಕಿ ರೊಟ್ಟಿ ತಿಂದೆ.

ಸಂಜೆ ಮನೆಯವರು ತಾಯಿಯನ್ನು ಕೇಳಿದರು: "ಬಸ್ಸಿನಾಗೆ ಸೀಟು ಸಿಕ್ತೇನವ್ವ?"

"ಸೀಟೇನು ಬಂತು, ಇಡೀ ಬಸ್ಸೇ ಬಿಟ್ಟುಕೊಟ್ರು! ಮುಂಬೈ ಜನ ಭಾಳ ಮರ್ಯಾದಸ್ಥರು." ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಮುಂದಿನ ತಿಂಗಳು ದಾದರಿನ ರೈಲು ಪಾಸಿಗೆ ನಾನೇ ಸಾಲಿನಲ್ಲಿ ನಿಂತೆ.

ಈಗ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದೇನೆ. ರೈಲಿನಲ್ಲಿ ಯಾರೂ ನನ್ನನ್ನು ನಾನು ಬಯಸದ ಕಡೆ ಇಳಿಸುವುದಿಲ್ಲ. ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅತ್ತೆಯೂ ನಾನೂ ಶಿಕಾರಿಪುರದಿಂದ ಸೊರಬಕ್ಕೆ ನನ್ನ ತವರಿಗೆ ಹೊರಟಿದ್ದೆವು. ನೂಕುನುಗ್ಗಲಿನಲ್ಲಿ ನಾನು ಮೊದಲು ಹತ್ತಿ ಕೂತೆ. ಕಿಟಕಿಯಿಂದ ಒಂದು ಚೀಲ ಬಂದು ಪಕ್ಕದ ಸೀಟಿಗೆ ಠಣ್ ಎಂದು ಬಿತ್ತು. "ಯಾರದಿದು ಚೀಲ?" ಎಂದು ಕೂಗಿ ಎದ್ದು ಬಾಗಿಲ ತನಕ ಓಡಿಬಿಟ್ಟೆ. ಇಡೀ ಬಸ್ಸು ನನ್ನನ್ನೇ ನೋಡಿತು. ಯಾರೂ ಇಳಿಯಲಿಲ್ಲ. ಕೆಳಗಿನಿಂದ ಅತ್ತೆ ನಗುತ್ತ ಕೂಗಿದರು: "ನಂದೇ ಕಣೇ ಹುಚ್ಚಿ, ಹೋಗಿ ಕುಂತ್ಕ. ಯಾರಿಗೂ ಬಿಡಬ್ಯಾಡ."

ಹೋಗಿ ಕೂತೆ. ಯಾರೋ ಬಂದು ಜಾಗ ಕೇಳಿದರು. "ಜನ ಅದಾರ್ರೀ," ಎಂದು ಊರವಳಂತೆಯೇ ಗಟ್ಟಿಯಾಗಿ ಹೇಳಿದೆ. ಹೇಳುತ್ತಲೇ ಚೀಲದ ಬಾಯಿ ಬಿಚ್ಚಿ ಒಳಗೇನಿದೆಯೆಂದು ನೋಡುತ್ತಿದ್ದೆ.