ತೆಂಗಿನೆಣ್ಣೆ ಕುಡಿದ ಚಿಲಕ

ಹೊಸ ಮನೆಗೆ ಹೋದರೆ ಎಲ್ಲರೂ ಮೊದಲು ಹಾಲು ಉಕ್ಕಿಸುತ್ತಾರೆ. ನಾನು ಚಿಲಕ ನೋಡುತ್ತಿದ್ದೆ. ನನ್ನ ಗಂಡನದು ಸರಕಾರಿ ಗುಮಾಸ್ತಗಿರಿ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಆ ವರ್ಷಗಳಲ್ಲಿ ಸಿದ್ದಾಪುರ, ಯಲ್ಲಾಪುರ, ಶಿರಸಿ ಎಂದು ನಮ್ಮನ್ನು ಎತ್ತಿ ಎತ್ತಿ ಹಾಕುತ್ತಿದ್ದರು. ಸಿದ್ದಾಪುರದ ಮನೆಯ ಮುಂಬಾಗಿಲನ್ನು ಮೊಣಕಾಲಿನಿಂದ ಎತ್ತಿ ಹಿಡಿಯದಿದ್ದರೆ ಬೀಗ ಬೀಳುತ್ತಿರಲಿಲ್ಲ. ಯಲ್ಲಾಪುರದ ಮನೆಯಲ್ಲಿ ಕಿಟಕಿಯ ಕೊಕ್ಕೆಗಳೆಲ್ಲ ಗಿಡ್ಡ. ಒಂದನ್ನೂ ಸರಿಯಾಗಿ ಸಿಕ್ಕಿಸಲು ಆಗದು. ನನ್ನ ಗಂಡನಿಗೆ ಬೀಗವೆಂದರೆ ಹೊರಡುವಾಗ ಜಗ್ಗಿ ನೋಡುವ ವಸ್ತು, ಅಷ್ಟೆ. ಅದಕ್ಕೂ ತುಕ್ಕು ಹಿಡಿಯುತ್ತದೆ, ಅದಕ್ಕೂ ಆರೈಕೆ ಬೇಕು ಎಂಬುದು ಅವರ ತಲೆಗೆ ಹೋಗಲೇ ಇಲ್ಲ.

ಶಿರಸಿಯ ಮನೆ ಮೊದಲು ಯಾವನೋ ವ್ಯಾಪಾರಿ ಮಾಲು ತುಂಬಿಡುತ್ತಿದ್ದ ಜಾಗ. ಬಚ್ಚಲಿಗೂ ಒಳಗೊಂದು ಹೊರಗೊಂದು ಚಿಲಕ. ಅಡುಗೆಮನೆಯ ಕಿಟಕಿಯಂತೂ ನನ್ನ ತಲೆಗಿಂತ ಎತ್ತರದಲ್ಲಿ, ದಪ್ಪ ಸರಳುಗಳ ಹಿಂದೆ. ಪಕ್ಕದ ದರ್ಜಿಯಿಂದ ಹೊಲಿಗೆ ಮಷಿನ್ನಿನ ಎಣ್ಣೆ ಇಸಕೊಂಡು, ಕಡ್ಡಿಗೆ ಬಟ್ಟೆ ಸುತ್ತಿ, ತಿಂಗಳಿಗೊಮ್ಮೆ ಎಲ್ಲ ಚಿಲಕಗಳಿಗೂ ಹಚ್ಚುತ್ತಿದ್ದೆ. ಸೊಸೆಯನ್ನೂ ತಂಗಿ ಎಂದೇ ಕರೆಯುವ ಅತ್ತೆ ಅಡುಗೆಮನೆಯದಕ್ಕೆ ಮಾತ್ರ ಬಿಡಲಿಲ್ಲ.

"ಅಡಿಗೆಮನೆಗೆ ಆ ಎಣ್ಣೆ ಬ್ಯಾಡ ತಂಗಿ. ಅದ್ರಲ್ಲಿ ಎಂತಾ ಕೊಬ್ಬು ಇದ್ದೋ, ಯಾರಿಗೆ ಗೊತ್ತಿದ್ದು?"

ಮಡಿಯಲ್ಲಿದ್ದವರು ಮುಟ್ಟುವ ಚಿಲಕಕ್ಕೆ ದೇವರ ದೀಪದ ತೆಂಗಿನೆಣ್ಣೆಯೇ ಆಗಬೇಕು. ಅದು ಒಣಗಿ ಅಂಟಾಗುತ್ತದೆ, ಒಲೆಯ ಮಸಿಯನ್ನೆಲ್ಲ ಹಿಡಿದುಕೊಳ್ಳುತ್ತದೆ ಎಂದು ಎಷ್ಟು ಸಲ ಹೇಳಿದೆನೋ. ಅತ್ತೆ ಕೇಳಿಸಿಕೊಂಡು, ನಾನು ಅತ್ತ ಹೋದ ಮೇಲೆ ಇನ್ನಷ್ಟು ಸುರಿಯುತ್ತಿದ್ದರು. ಗೋಡೆಗೆ ಹೇಳಿದ್ದರೂ ಅಷ್ಟೇ ಆಗುತ್ತಿತ್ತು.

ಚಳಿಗಾಲದಲ್ಲಿ ಮಾವನ ತಿಥಿ ಬಂತು. ಹಿಂದಿನ ಸಲ ಪಕ್ಕದ ಮನೆಯವರು ಮೊರ ಕೇಳಲು ಸೀದಾ ಒಳಗೆ ಬಂದು, ಅಡುಗೆಯೆಲ್ಲ ಮೈಲಿಗೆಯಾಗಿ, ಮತ್ತೆ ಮಾಡಬೇಕಾಗಿತ್ತು. ಹಾಗಾಗಿ ಈ ಸಲ ನಾನು ಮಿಂದು ಮಡಿಸೀರೆ ಉಟ್ಟು ಅಡುಗೆಮನೆಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕೆಂದು ಅತ್ತೆಯ ಅಪ್ಪಣೆಯಾಯಿತು. ನನ್ನ ಕೂಸಿಗೆ ಆಗ ಐದು ತಿಂಗಳು. ಎದೆಹಾಲು ಬಿಟ್ಟರೆ ಬೇರೆ ಏನೂ ಇಳಿಯುತ್ತಿರಲಿಲ್ಲ. ಬಟ್ಟೆ ತೊಡಿಸದ ಕೂಸಿಗೆ ಮೈಲಿಗೆಯಿಲ್ಲವಾದ್ದರಿಂದ, ನಡುವೆ ಬಾಗಿಲು ತೆರೆದು ಅದನ್ನು ಒಳಗೆ ತೆಗೆದುಕೊಂಡು ಹಾಲು ಕೊಡುವುದೆಂದು ಮಾತಾಗಿತ್ತು.

ಪಾಯಸಕ್ಕೆ ಬೆಲ್ಲ ಹಾಕುವ ಹೊತ್ತಿಗೆ ಕೂಸಿನ ಅಳು ಕೇಳಿ ಚಿಲಕಕ್ಕೆ ಕೈ ಹಾಕಿದೆ. ಅಲುಗಲಿಲ್ಲ. ಸೌಟಿನಿಂದ ಕುಟ್ಟಿದೆ. ಎರಡೂ ಕೈಯಿಂದ ಎಳೆದರೆ ಅದರ ಹಿಡಿಯೇ ಕಿತ್ತು ಕೈಗೆ ಬಂತು. ಚಿಲಕ ಕಚ್ಚಿಕೊಂಡಿದೆ ಎಂದು ಕೂಗಿದೆ.

ಪುಣ್ಯಕ್ಕೆ ಗಂಡ ಕೂಡಲೇ ಆಚಾರಿಯನ್ನು ಕರೆಸಿದರು. ಆತ ಉಳಿ ಸುತ್ತಿಗೆ ಹಿಡಿದು ಬಂದೂ ಬಿಟ್ಟ. ಅಷ್ಟರಲ್ಲಿ ಅತ್ತೆ ಮಗನಿಗೆ ಹೇಳುವುದು ಕೇಳಿಸಿತು. "ತಮಾ, ಭಟ್ರು ಬಂದಾತು. ಈಗ ಆಚಾರಿ ಬಾಗ್ಲು ಮುಟ್ಟಿದ್ರೆ ಒಳಗಿದ್ದ ಅಡಿಗೆ ಎಲ್ಲಾ ಹೋತು."

ಸ್ವಲ್ಪ ಹೊತ್ತಿನ ಮೇಲೆ ಗಂಡ ಕಿಟಕಿಯ ಹೊರಗಿನಿಂದ ಕೂಗಿದರು. "ಅಡಿಗೆ ಇಲ್ಲೇ, ಕಿಟಕಿಲ್ಲೇ ಕೊಡಲೆ ಆಗ್ತಾ ನೋಡು."

ಆಗುತ್ತಿತ್ತು. ಅದೇ ತಪ್ಪಾಯಿತು. ಮಣೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಹತ್ತಿ, ಅನ್ನವನ್ನು ಸೌಟಿನಲ್ಲಿ, ವಡೆಯನ್ನು ಹಿಡಿಯಲ್ಲಿ ಸರಳುಗಳ ನಡುವೆ ತೂರಿಸಿದೆ. ಮಡಿ ಪಂಚೆ ಉಟ್ಟ ಗಂಡ ಆಚೆಯಿಂದ ಪಾತ್ರೆ ಒಡ್ಡಿ ಹಿಡಿದರು. ಪಿಂಡಕ್ಕೆ ಬೇಕಾದದ್ದೆಲ್ಲ ಹಾಗೇ ಹೋಯಿತು. ಭಟ್ಟರು ಎಲೆಯ ಮುಂದೆ ಕೂತು, ಒಳ್ಳೇ ಉಪಾಯ ಎಂದು ಹೊಗಳಿದ್ದೂ ಕೇಳಿಸಿತು. ಬಾಗಿಲಿನ ಸುದ್ದಿ ಯಾರೂ ಎತ್ತಲಿಲ್ಲ. ಊಟ ಹೊರಗೆ ಬಂದ ಮೇಲೆ ನಾನು ಒಳಗಿದ್ದರೆ ಅವರಿಗೇನು ತೊಂದರೆ?

ಕೂಸಿನ ಅಳು ಮಾತ್ರ ನಿಲ್ಲಲಿಲ್ಲ. ಆ ಸದ್ದಿಗೆ ಎದೆ ಬಿಗಿದು, ಹಾಲು ಇಳಿದು, ಮಡಿಸೀರೆ ಒದ್ದೆಯಾಯಿತು. ಒಲೆಯ ಹೊಗೆ ಬೇರೆ. "ಆಚಾರಿಗೆ ಹೇಳಿ" ಎಂದು ಕೂಗಿದೆ.

"ಭಟ್ರ ಊಟ ಒಂದು ಆಗ್ಲಿ ತಂಗಿ. ಕೂಸಿಗೆ ಸಕ್ಕರೆನೀರು ಕುಡಿಸ್ತಾ ಇದ್ದೆ" ಎಂದರು ಅತ್ತೆ. ಅದನ್ನು ಕೂಸು ಉಗುಳುತ್ತಿದೆ ಎಂದು ಅಳುವಿನಲ್ಲೇ ಗೊತ್ತಾಗುತ್ತಿತ್ತು.

ಗಂಡ ಪಾಯಸ ಕೇಳಿದರು. ನಾನು ಮಣೆಯಿಂದ ಕೆಳಗಿಳಿದೆ.

"ಬಾಗ್ಲು ತೆಗೆಯದೆ ಪಾಯಸ ಇಲ್ಲೆ."

ಆಮೇಲೆ ಅತ್ತೆ ಕಿಟಕಿಯ ಬುಡಕ್ಕೆ ಬಂದರು. "ಹಿರಿಯವು ಕಾಯ್ತಾ ಇದ್ದ ತಂಗಿ. ಹಾಂಗೆಲ್ಲ ಮಾಡಲಾಗ."

"ಹಿರಿಯವು ವಡೆ ತಿಂದಾತು ಅತ್ತೆ. ಕೂಸು ಎಂತ ಕುಡದ್ದು?"

ಕಡೆಗೆ ಗಂಡನೇ ಆಚಾರಿಯನ್ನು ಕರೆದರು. ಅತ್ತೆ, "ಹಾಂಗಾದ್ರೆ ಪಾಯಸ ಮೊದ್ಲು ಹೊರಗೆ ಕೊಟ್ಬಿಡು" ಎಂದು ಅಂಗಲಾಚಿದರು. ಕೊಟ್ಟರೆ ಮತ್ತೆ ಊಟ ಮುಗಿಯಲಿ ಎನ್ನುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೊಡಲಿಲ್ಲ. ಆಚಾರಿ ಬಾಗಿಲ ಸಂದಿಗೆ ಉಳಿಯಿಟ್ಟು ಹೊಡೆದ. ಪಾಯಸ ಮೈಲಿಗೆಯಾಯಿತು, ಮಾವನಿಗೆ ಆ ವರ್ಷ ಪಾಯಸವಿಲ್ಲ. ಅದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಬಾಗಿಲು ತೆರೆದಾಗ ಅಳು ನಿಂತಿತ್ತು. ಕೂಸು ಅತ್ತು ಅತ್ತು ಸೋತು ಅತ್ತೆಯ ಹೆಗಲ ಮೇಲೆ ನಿದ್ದೆ ಹೋಗಿತ್ತು, ನಿದ್ದೆಯಲ್ಲೂ ಬಿಕ್ಕುತ್ತಿತ್ತು. ಕಸಿದುಕೊಂಡು ಎದೆಗೆ ಹಚ್ಚಿದೆ. ಕೆನ್ನೆ ತಟ್ಟಿದೆ, ಅಂಗಾಲು ಉಜ್ಜಿದೆ. ನಿದ್ದೆಯಲ್ಲೇ ಬಿಕ್ಕಿತು, ಮೊಲೆಗೆ ಬಾಯಿ ತೆರೆಯಲಿಲ್ಲ. ಹಾಲು ಅದರ ತುಟಿಯ ಮೇಲಿಂದ ಹರಿದು ಕುತ್ತಿಗೆಗೆ ಇಳಿಯುತ್ತಿತ್ತು. ಅತ್ತೆ ಒರೆಸಲೆಂದು ಸೆರಗು ಹಿಡಿದು ಕೈ ಚಾಚಿದರು.

"ಮುಟ್ಟಡಿ" ಎಂದು ಆ ಕೈಯನ್ನು ತಡೆದೆ.